ಧಕ್ಕೆ (ದೋಣಿಕಟ್ಟೆ) ಬದಿಯ ಹಳೇ ಉಪ್ಪುಮೀನು ಯಾರ್ಡ್: ಕೆಡಹುವ ಮಾತಿಗೆ ನಮ್ಮ ಉತ್ತರ

ಸಂಚಾಲಕರು:
ಬ್ರಿಟಿಷರ ಕಾಲದಲ್ಲಿ ಮೀನಿಗೆ ಉಪ್ಪು ಹಾಕ್ತಿದ್ದ ಈ ಯಾರ್ಡಿನ ಗೋಡೆ ಪುಡಿ ಉದುರ್ತಾ ಇದೆ, ಶಿಥಿಲವಾಗಿದೆ, ಕೆಡವಿ ಪಾರ್ಕಿಂಗ್ ಮಾಡಿ ಅಂತ ವಾರ್ಡ್ ಸಭೆಗೆ ಅರ್ಜಿ ಹೋಗಿದೆ. ಬರೀ ಬಾಯಲ್ಲಿ ಬೇಡ ಅಂದ್ರೆ ನಡೆಯೋದಿಲ್ಲ. ತಿಳಿದವರು ಬರೆಯಿರಿ, ಆಕ್ಷೇಪಣೆಗೆ ಅದನ್ನೇ ಲಗತ್ತಿಸುವ.

ಮುರಕಲ್ಲು ಕೆಲಸದವರು:
ಮುರಕಲ್ಲು, ಅಂದ್ರೆ ನಮ್ಮ ಕೆಂಪು ತೂತುಕಲ್ಲು, ಗಟ್ಟಿಯೇ ಇದೆ, ಕೆಟ್ಟದ್ದು ಅದರ ಮೈ ಮಾತ್ರ. ಬೂತಾಯಿ, ಬಂಗುಡೆ ಮೀನಿಗೆ ಉಪ್ಪು ಹಾಕಿದ ತೊಟ್ಟಿಯ ನೀರು ಗೋಡೆಯ ಬುಡಕ್ಕೆ ಇಳಿದಿದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಆ ಉಪ್ಪು ಕರಗ್ತದೆ; ತೇವಾಂಶ ಅದಕ್ಕಿಂತ ಕಡಿಮೆಯಾದರೆ ಕಲ್ಲಿನ ತೂತಿನೊಳಗೇ ಹರಳುಗಟ್ಟಿ ಒಡೀತದೆ. ಸಿಮೆಂಟ್ ಬಳಿದದ್ದೇ ದೊಡ್ಡ ತಪ್ಪು. ತೇವ ಹೊರಗೆ ಬರಲಾಗದೆ, ಗಾರೆ ಬೀಳುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳ್ತದೆ.

ಮಾಡಿನ (ಛಾವಣಿಯ) ಸೋರಿಕೆ ನಿಲ್ಲದೆ ಗೋಡೆ ಮುಟ್ಟಬೇಡಿ. ಮಳೆ ಬಿಟ್ಟ ಮೇಲೆ ಸಿಮೆಂಟ್ ಕಿತ್ತು, ಒಣ ಬ್ರಷ್‌ನಲ್ಲಿ ಉಪ್ಪು ಉದುರಿಸಿ, ಗುಡಿಸಿ ಆವರಣದಿಂದಲೇ ಆಚೆ ಸಾಗಿಸಿ. ನೀರು ಹೊಡೆದು ತೊಳೆದರೆ ಉಪ್ಪು ಇನ್ನೂ ಒಳಗೆ ಹೋಗ್ತದೆ. ಆಮೇಲೆ ಜೇಡಿಮಣ್ಣು, ಮರಳು, ಕಾಗದದ ತಿರುಳನ್ನು ಸಿಹಿನೀರಲ್ಲಿ ಕಲಸಿ 2 ಸೆಂ.ಮೀ. ದಪ್ಪಕ್ಕೆ ಮೆತ್ತಿ. ಒಣಗಿ ಬಿರಿದಾಗ ಕಿತ್ತು ಎಸೆಯಿರಿ. ಹೀಗೆ ಮೂರು ಸಲವಾದರೂ ಆಗಬೇಕು. ಕೊನೆಗೆ ಸುಣ್ಣ 1, ಹೊಳೆ ಮರಳು 3ರ ಗಾರೆ. ಅದೂ ಕೆಲವು ವರ್ಷದಲ್ಲಿ ಉದುರ್ತದೆ. ಉದುರಲಿ, ಕಲ್ಲಿನ ಬದಲು ಅದು ಸವೆಯಲಿ ಅಂತಲೇ ಬಳಿಯೋದು.

ಮಾಡಿನ ಕೆಲಸದವರು:
ಪಕ್ಕಾಸು (ಮಾಡಿನ ಓರೆ ಮರ) ಚೆನ್ನಾಗಿ ಕಂಡರೂ ಮೊಳೆ ತುಕ್ಕು ತಿಂದಿರ್ತದೆ. ಉಪ್ಪುಗಾಳಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಮೊಳೆಯೇ ಹಾಕಿ. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಬೇರೆ ಬೇರೆ ಕಾರ್ಖಾನೆ ಮುದ್ರೆಯ ಹೆಂಚಿನ ಅಂಚಿನ ತೋಡು ಒಂದಕ್ಕೊಂದು ಕೂರೋದಿಲ್ಲ, ಹಾಗಾಗಿ ಒಂದು ಮಾಡಿನ ಮಗ್ಗುಲಿಗೆ ಒಂದೇ ಮುದ್ರೆಯದ್ದು.

ಬಂದರು ರಸ್ತೆಯ ಮೇಷ್ಟ್ರು:
ಆಕ್ಷೇಪಣೆಯಲ್ಲಿ ಆವರಣ ಗೋಡೆಯನ್ನೂ ಸೇರಿಸಿ. ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ ಉಪ್ಪಿಗೆ ತೆರಿಗೆ ಇತ್ತು. ಮೀನಿಗೆ ಹಾಕಲು ಯಾರ್ಡಿನೊಳಗೆ ಮಾತ್ರ ತೆರಿಗೆಯಿಲ್ಲದ ಉಪ್ಪು ಕೊಡ್ತಿದ್ದರು. ಅದು ಹೊರಗೆ ಹೋಗದಿರಲಿ ಅಂತಲೇ ಸುತ್ತ ಗೋಡೆ, ಕಾವಲಿನ ಬಾಗಿಲು. 1947ರಲ್ಲಿ ತೆರಿಗೆ ಹೋಯ್ತು, ಗೋಡೆ ಉಳೀತು. ಪಾರ್ಕಿಂಗಿಗೆ ಆ ಗೋಡೆ ಒಡೆದರೆ ಉಳಿಯೋದು ಬರೀ ಒಂದು ಗೋಡೌನ್.

2ನೇ ಅಡ್ಡರಸ್ತೆಯವರು:
ಒಳಗೆ ಎಸಿ ಹೋಟೆಲ್ ಮಾಡಿದರೆ ಉಳಿಯಬಹುದಲ್ಲ?

ಮುರಕಲ್ಲು ಕೆಲಸದವರು:
ಬೇಡ ಮಾರಾಯ್ರೆ. ಎಸಿ ಹಗಲು ಒಣಗಿಸ್ತದೆ, ರಾತ್ರಿ ಆಫ್ ಮಾಡಿದರೆ ಮತ್ತೆ ತೇವ. ಮಳೆಗಾಲದಲ್ಲಿ ಉಪ್ಪು ಕರಗಿಯೇ ಇದ್ದು ವಿಶ್ರಾಂತಿ ಸಿಗುವ ಗೋಡೆಗೆ ದಿನಕ್ಕೊಮ್ಮೆ ಅದೇ ಪೆಟ್ಟು. ಗಾಳಿ ಆಡುವ ಕೆಲಸವೇ ಆಗಬೇಕು, ಬಲೆ ಹೆಣೆಯೋದು, ಒಣಮೀನಿನ ಸಂತೆ. ಮೀನು ಎತ್ತರದ ಕಟ್ಟೆ ಮೇಲೆ, ಉಪ್ಪುನೀರು ಫೈಬರ್ ತೊಟ್ಟಿಯಲ್ಲಿ. ನೆಲಕ್ಕೆ ಒಂದು ಹನಿಯೂ ಇಳಿಯಬಾರದು.

ಒಣಮೀನು ಮಾರುವ ಅಕ್ಕಂದಿರ ಪರವಾಗಿ:
ಜಾಗ ಸಿಕ್ಕಿದರೆ ಬರ್ತೇವೆ. ಸಿಹಿನೀರಿನ ನಲ್ಲಿ, ಬೀಗ ಹಾಕುವ ಕೋಣೆ, ಶೌಚಾಲಯ ಬೇಕೇ ಬೇಕು.

ಸಂಚಾಲಕರು:
ಸೇರಿಸ್ತೇನೆ ಅಕ್ಕ. ಜಾಗ ಬಂದರು ಇಲಾಖೆಯದೋ ಮೀನುಗಾರಿಕೆ ಇಲಾಖೆಯದೋ ಅಂತ ತಿಳಿಯಲು ಎರಡೂ ಕಡೆ ಆರ್‌ಟಿಐ ಹಾಕುವ: 10 ರೂ. ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ದಡದ ಕಟ್ಟಡ ಆದ್ದರಿಂದ ಕರಾವಳಿ ನಿಯಂತ್ರಣ ವಲಯದ, ಅಂದ್ರೆ ಸಿಆರ್‌ಝಡ್ ನಿಯಮವೂ ಬರ್ತದೆ. ಬಳಕೆ ಬದಲಾಯಿಸುವ ಮೊದಲು ಲಿಖಿತ ಅಭಿಪ್ರಾಯ ಕೇಳುವ. ಭಾನುವಾರ ನೀರು ಇಳಿದ ಹೊತ್ತಿಗೆ ಟೇಪು, ಕ್ಯಾಮೆರಾ ಹಿಡ್ಕೊಂಡು ಬನ್ನಿ. ತೊಟ್ಟಿಯ ಚರಂಡಿ ಕಡಲ ಕಡೆ ಎಲ್ಲಿ ಬಾಯಿ ಬಿಟ್ಟಿದೆ ಅಂತ ಆಗ ಮಾತ್ರ ಕಾಣ್ತದೆ.