1992ರ ಮಿಯಾಟಾ: ಲೇನ್ ಬದಲಿಸುವಾಗ ಪಕ್ಕದ ಕಾರೇ ಕಾಣಲ್ಲ, ಮಿರರ್ ಹೇಗೆ ಸೆಟ್ ಮಾಡಬೇಕು?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮೂರು ತಿಂಗಳ ಹಿಂದೆ 1992ರ ಮಾಜ್ದಾ ಮಿಯಾಟಾ ತಗೊಂಡೆ. 1.6 ಲೀಟರ್ ಎಂಜಿನ್, ಐದು ಗೇರು, ಮಡಚಿ ಇಳಿಸಬಹುದಾದ ಕಪ್ಪು ಬಟ್ಟೆಯ ಛಾವಣಿ (ಸಾಫ್ಟ್ ಟಾಪ್). ಕಾಲೇಜು ದಿನಗಳಿಂದ ಆಸೆಪಟ್ಟಿದ್ದ ಗಾಡಿ.

ಹೋದ ಭಾನುವಾರ 880 ಫ್ರೀವೇನಲ್ಲಿ ಎಡಗಡೆ ಲೇನ್‌ಗೆ ಹೋಗಬೇಕಿತ್ತು. ಟಾಪ್ ಹಾಕಿತ್ತು. ಇಂಡಿಕೇಟರ್ ಹಾಕಿದೆ, ಎಡ ಮಿರರ್ ನೋಡಿದೆ, ಖಾಲಿ. ಒಳಗಿನ ಮಿರರ್ ನೋಡಿದೆ, ಅದೂ ಖಾಲಿ. ಸ್ಟೇರಿಂಗ್ ಇಷ್ಟೇ ಇಷ್ಟು ತಿರುಗಿಸಿದ್ದೆ, ಕಿವಿಯ ಪಕ್ಕದಲ್ಲೇ ಉದ್ದಕ್ಕೆ ಹಾರ್ನ್ ಬಂತು. ಬೆಳ್ಳಿ ಬಣ್ಣದ ಸೆಡಾನ್ ಒಂದರ ಮುಂದಿನ ಚಕ್ರ ನನ್ನ ಬಾಗಿಲ ಹಿಡಿಯ ಪಕ್ಕದಲ್ಲೇ ಇತ್ತು. ವಾಪಸ್ ಎಳೆದುಕೊಂಡೆ, ಏನೂ ಆಗಲಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಹೆಂಡತಿ ಮನೆ ಮುಟ್ಟೋವರೆಗೂ ಮಾತಾಡಲಿಲ್ಲ.

ಆಮೇಲೆ ಅಂಟಿಸೋ ಎರಡಿಂಚಿನ ದುಂಡು ಮಿರರ್ ತಂದು ಹಾಕಿದೆ. ಅರವತ್ತು ಮೈಲಿ ವೇಗದಲ್ಲಿ ಅದು ನಡುಗುತ್ತೆ, ಕಾರು ಕಂಡರೂ ಎಷ್ಟು ದೂರದಲ್ಲಿದೆ ಅಂತ ತಿಳಿಯಲ್ಲ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಮಂಕಾಗಿದೆ, ಅದರಲ್ಲಿ ನೋಡಿದರೆ ಮಜ್ಜಿಗೆ ಕುಡಿದಿಟ್ಟ ಲೋಟದಲ್ಲಿ ನೋಡಿದ ಹಾಗೆ. ನನ್ನ ಎತ್ತರ 5 ಅಡಿ 11 ಇಂಚು. ಸದ್ಯ ಹೊರಗಿನ ಎರಡೂ ಮಿರರ್‌ಗಳಲ್ಲಿ ಕಾಲುಭಾಗ ನನ್ನ ಕಾರಿನ ಬಾಗಿಲು, ಹಿಂದಿನ ಫೆಂಡರ್ (ಚಕ್ರದ ಮೇಲಿನ ತಗಡು) ಕಾಣುತ್ತೆ. ಮಿಕ್ಕಿದ್ದರಲ್ಲಿ ಹಿಂದಿನ ರಸ್ತೆ.

ದೊಡ್ಡ ಮಿರರ್ ಹಾಕಿಸಲಾ? ಪಕ್ಕದಲ್ಲಿ ಕಾರಿದ್ದರೆ ಎಚ್ಚರಿಸೋ ಸೆನ್ಸರ್ ಕಿಟ್ ಹಾಕಿಸಲಾ? ಹಳಬರು ದಯವಿಟ್ಟು ಹೇಳಿ.

ಡೆಟ್ರಾಯ್ಟ್_ಗಿರಿಜಾ

ಯಾರಿಗೂ ಏಟಾಗಲಿಲ್ಲವಲ್ಲ, ಅದೇ ದೊಡ್ಡದು. ದುಡ್ಡು ಈಗಲೇ ಬಿಚ್ಚಬೇಡಿ. ನಿಮ್ಮ ತೊಂದರೆಯ ಮುಕ್ಕಾಲು ಪಾಲು "ಕಾಲುಭಾಗ ನನ್ನ ಕಾರು ಕಾಣುತ್ತೆ" ಅನ್ನೋ ಆ ಒಂದು ಸಾಲಿನಲ್ಲಿದೆ. ನನ್ನ ಹತ್ತಿರ 1994ರ ಮಿಯಾಟಾ ಇದೆ, ಹನ್ನೊಂದು ವರ್ಷದಿಂದ ಓಡಿಸ್ತಿದ್ದೀನಿ. ಮೊದಲ ಎರಡು ವರ್ಷ ನಾನೂ ಹಾಗೇ ಇಟ್ಟಿದ್ದೆ, ಡ್ರೈವಿಂಗ್ ಕಲಿಸಿದವರು ಹಾಗೇ ಹೇಳಿಕೊಟ್ಟಿದ್ದರು.

ಹಾಗಿಟ್ಟಾಗ ಏನಾಗುತ್ತೆ ಅಂದರೆ, ಒಳಗಿನ ಮಿರರ್ ತೋರಿಸೋ ರಸ್ತೆಯನ್ನೇ ಹೊರಗಿನ ಎರಡೂ ಮತ್ತೆ ತೋರಿಸ್ತವೆ. ಒಂದೇ ಜಾಗವನ್ನ ಮೂರು ಸಲ ನೋಡ್ತೀರಿ, ಪಕ್ಕದ ಲೇನ್ ಒಂದು ಸಲವೂ ಕಾಣಲ್ಲ. ಅದೂ ಅಮೆರಿಕದ ಕಾರುಗಳಲ್ಲಿ ಡ್ರೈವರ್ ಕಡೆ ಮಿರರ್ ಚಪ್ಪಟೆ ಗಾಜಿನದೇ ಆಗಿರಬೇಕು ಅಂತ ನಿಯಮ. ಉಬ್ಬುಗಾಜು ಬಲಗಡೆ ಮಾತ್ರ, ಕಾಣೋದಕ್ಕಿಂತ ವಸ್ತುಗಳು ಹತ್ತಿರ ಇವೆ ಅಂತ ಅದರ ಮೇಲೆ ಬರೆದಿರುತ್ತಲ್ಲ, ಅದು. ಚಪ್ಪಟೆ ಗಾಜು ದೂರವನ್ನ ನಿಜವಾಗಿ ತೋರಿಸುತ್ತೆ, ಆದರೆ ಅದರ ನೋಟ ಬಹಳ ಕಿರಿದು. ಆ ಕಿರಿದು ನೋಟದಲ್ಲಿ ಕಾಲುಭಾಗ ನಿಮ್ಮ ಬಾಗಿಲಿಗೇ ಹೋದರೆ ಸೆಡಾನ್ ಎಲ್ಲಿ ಕಾಣಬೇಕು?

1995ರಲ್ಲಿ ಜಾರ್ಜ್ ಪ್ಲಾಟ್ಜರ್ ಅನ್ನೋ ಎಂಜಿನಿಯರ್ ಎಸ್‌ಎಇ ಅನ್ನೋ ವಾಹನ ಎಂಜಿನಿಯರ್‌ಗಳ ಸಂಸ್ಥೆಗೆ ಒಂದು ಪ್ರಬಂಧ ಬರೆದು ಇದರ ರೇಖಾಗಣಿತ ಪೂರ್ತಿ ಬಿಡಿಸಿಟ್ಟರು. ಅವರ ವಿಧಾನ ಐದು ನಿಮಿಷದ ಕೆಲಸ.

ಮೊದಲು ಸೀಟು. ನಮ್ಮ ಗಾಡಿಯಲ್ಲಿ ಸೀಟು ಎತ್ತರಿಸೋಕೆ ಆಗಲ್ಲ, ಹಿಂದೆ ಮುಂದೆ ಮಾಡಬಹುದು, ಬೆನ್ನು ವಾಲಿಸಬಹುದು ಅಷ್ಟೇ. ನೀವು ನಿಜವಾಗಿ ಹೇಗೆ ಕೂತು ಓಡಿಸ್ತೀರೋ ಹಾಗೇ ಕೂರಿ. ಮಿರರ್ ಸೆಟ್ ಮಾಡೋವಾಗ ನೆಟ್ಟಗೆ ಕೂತು, ಓಡಿಸೋವಾಗ ಒರಗಿದರೆ ಮಾಡಿದ್ದೆಲ್ಲ ದಂಡ. ಒಳಗಿನ ಮಿರರ್‌ನಲ್ಲಿ ಹಿಂದಿನ ಕಿಟಕಿ ಪೂರ್ತಿ ಬರಲಿ. ಈಗ ತಲೆಯನ್ನ ಎಡ ಕಿಟಕಿ ಗಾಜಿಗೆ ತಾಗೋ ಹಾಗೆ ವಾಲಿಸಿ, ನಿಮ್ಮ ಕಾರಿನ ಹಿಂದಿನ ಫೆಂಡರ್ ಒಳಅಂಚಿನಲ್ಲಿ ಎಳೆಯಷ್ಟು ಕಾಣೋವರೆಗೆ ಎಡ ಮಿರರ್ ಹೊರಗೆ ತಿರುಗಿಸಿ. ಆಮೇಲೆ ಹ್ಯಾಂಡ್‌ಬ್ರೇಕ್ ಮೇಲಕ್ಕೆ ತಲೆ ಬರೋ ಹಾಗೆ ಕಾರಿನ ನಡುವಿಗೆ ವಾಲಿ, ಬಲ ಮಿರರ್‌ಗೂ ಹಾಗೇ ಮಾಡಿ. ನೆಟ್ಟಗೆ ಕೂತಾಗ ಎರಡರಲ್ಲೂ ನಿಮ್ಮ ಕಾರು ಕಾಣಬಾರದು.

ಸ್ವಲ್ಪ ಸ್ವಲ್ಪವೇ ತಿರುಗಿಸಿ. ಗಾಜು ಒಂದು ಡಿಗ್ರಿ ತಿರುಗಿದರೆ ನೋಟ ಎರಡು ಡಿಗ್ರಿ ತಿರುಗುತ್ತೆ.

ಸರಿಯಾಯ್ತಾ ಅಂತ ನೋಡೋದು ಸುಲಭ. ಬಲಗಡೆ ಲೇನ್‌ನಲ್ಲಿ ನಿಧಾನಕ್ಕೆ ಹೋಗಿ, ಎಡಕ್ಕೆ ಒಂದು ಕಾರು ನಿಮ್ಮನ್ನ ದಾಟಲಿ. ಅದು ಒಳಗಿನ ಮಿರರ್‌ನಿಂದ ಪೂರ್ತಿ ಜಾರೋ ಮೊದಲೇ ಎಡ ಮಿರರ್‌ನಲ್ಲಿ ಅದರ ಮೂತಿ ಬರಬೇಕು. ಎಡ ಮಿರರ್‌ನಿಂದ ಪೂರ್ತಿ ಜಾರೋ ಮೊದಲೇ ಕಣ್ಣಂಚಿಗೆ ಸಿಗಬೇಕು.

ಹಾಸನದ_ಹುಡುಗ

ಗಿರಿಜಾ ಮೇಡಂ, ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಾಡಿ ನೋಡಿದೆ. ನಾನು ಕಾರಲ್ಲಿ ಕೂತೆ, ಹೆಂಡತಿ ಚಾಕ್‌ಪೀಸ್ ಹಿಡಿದು ಹಿಂದಿನಿಂದ ಎಡಗಡೆಗೆ ನಿಧಾನಕ್ಕೆ ನಡೆದಳು. ಮಿರರ್‌ನಿಂದ ಮರೆಯಾದಾಗ "ಹೋದೆ" ಅಂದೆ, ಮತ್ತೆ ಕಂಡಾಗ "ಬಂದೆ" ಅಂದೆ, ಆಕೆ ನೆಲಕ್ಕೆ ಗೆರೆ ಎಳೆದಳು. ಹಳೇ ಸೆಟ್ಟಿಂಗ್‌ನಲ್ಲಿ ಎರಡು ಗೆರೆಗಳ ನಡುವೆ ಹನ್ನೊಂದು ಹೆಜ್ಜೆ. ಒಂದು ಇಡೀ ಕಾರು ಅಲ್ಲಿ ನಿಂತರೂ ನನಗೆ ಗೊತ್ತಾಗುತ್ತಿರಲಿಲ್ಲ. ಆ ಗೆರೆಗಳ ನಡುವೆ ನಿಂತು ನೋಡಿದಾಗ ಮೈ ಜುಮ್ಮೆಂದಿತು. ಹೊಸ ಸೆಟ್ಟಿಂಗ್‌ನಲ್ಲಿ ಪಕ್ಕದ ಆ ಜಾಗ ಹೆಚ್ಚುಕಡಿಮೆ ಮುಚ್ಚಿಹೋಯ್ತು.

ಆದರೆ ಎರಡು ತೊಂದರೆ. ಟಾಪ್ ಹಾಕಿದಾಗ ಹಿಂದೆ ಓರೆಯಲ್ಲಿ, ಒಳಗಿನ ಮಿರರ್ ಬಿಟ್ಟು ಎಡ ಮಿರರ್‌ಗೆ ಬರೋ ನಡುವೆ, ಆಕೆ ಮೂರು ಹೆಜ್ಜೆಯಷ್ಟು ಕಾಣೆಯಾಗ್ತಾಳೆ. ಟಾಪ್ ಇಳಿಸಿದರೆ ಇಲ್ಲ. ಇನ್ನೊಂದು, ಎಡ ಮಿರರ್ ಗಾಜು ಎರಡು ಹಂಪ್ ಹಾರಿದರೆ ಕೆಳಕ್ಕೆ ಜೋಲುತ್ತೆ.

ಬಸವನಗುಡಿ_ಸ್ಟಾರ್ಮ್

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಬೆಂಗಳೂರಿನಲ್ಲಿ ಇದನ್ನ ಓದಿ ಮಿರರ್ ತಿರುಗಿಸೋರಿಗೆ ಒಂದು ಮಾತು. ನನ್ನದು ಸ್ಯಾನ್ ಸ್ಟಾರ್ಮ್, ಫೈಬರ್ ಬಾಡಿ, ಎರಡೇ ಸೀಟು, ರೆನೋ 1.2 ಲೀಟರ್ ಎಂಜಿನ್. ಮೇಡಂ ಹೇಳಿದ ಸೆಟ್ಟಿಂಗ್ ಇಲ್ಲಿ ಮೈಸೂರು ರಸ್ತೆಯಂಥ ಹೆದ್ದಾರಿಯಲ್ಲಿ ನನಗೂ ಒಪ್ಪಿಗೆ. ಊರೊಳಗೆ ಮಾತ್ರ ಅಷ್ಟು ಹೊರಗೆ ತಿರುಗಿಸಿ ನಾನು ಓಡಿಸಲ್ಲ. ಸಿಗ್ನಲ್‌ನಲ್ಲಿ ಸ್ಕೂಟರ್‌ನವರು ಎಡಗಡೆ ಬಾಗಿಲಿಗೆ ಒಂದು ಗೇಣು ಬಿಟ್ಟು ನುಗ್ತಾರೆ. ಅವರು ಬರೋದು ಪಕ್ಕದ ಲೇನ್‌ನಲ್ಲಲ್ಲ, ನಮ್ಮ ಮೈಗೆ ಒರೆಸಿಕೊಂಡು. ನನ್ನ ಗಾಡಿಯ ಎರಡೂ ಮಿರರ್ ಉಬ್ಬುಗಾಜಿನವು, ನೋಟ ಅಗಲ ಇದೆ, ಹಾಗಾಗಿ ಎಡ ಮಿರರ್‌ನಲ್ಲಿ ನನ್ನ ಕಾರಿನ ಅಂಚು ಒಂದು ಬೆರಳಗಲ ಉಳಿಸಿಕೊಂಡಿದ್ದೀನಿ. ಎಡಕ್ಕೆ ತಿರುಗೋ ಮೊದಲು ಆ ಅಂಚು ನೋಡದೆ ಸ್ಟೇರಿಂಗ್ ಮುಟ್ಟಲ್ಲ.

ಡೆಟ್ರಾಯ್ಟ್_ಗಿರಿಜಾ

ಸರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಪ್ಲಾಟ್ಜರ್ ಲೆಕ್ಕ ಲೇನ್ ಹಿಡಿದು ಹೋಗೋ ಟ್ರಾಫಿಕ್‌ನದು.

ಹಾಸನದವರೇ, ಚಾಕ್‌ಪೀಸ್ ಪರೀಕ್ಷೆ ಬಹಳ ಚೆನ್ನಾಗಿ ಮಾಡಿದ್ದೀರಿ, ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ. ಆ ಮೂರು ಹೆಜ್ಜೆ ಕಾಣೆಯಾಗೋದು ನಿಮ್ಮ ತಪ್ಪಲ್ಲ. ಈ ವಿಧಾನಕ್ಕೆ ಅಗಲವಾದ ಹಿಂದಿನ ಗಾಜು ಬೇಕು. ನಮ್ಮ ಟಾಪ್ ಹಾಕಿದಾಗ ಕಿಟಕಿಯ ಎರಡೂ ಪಕ್ಕ ಬಟ್ಟೆಯೇ ಗೋಡೆ, ಒಳಗಿನ ಮಿರರ್‌ಗೆ ಓರೆ ನೋಟ ಸಿಗಲ್ಲ. ಅದಕ್ಕೆ ಟಾಪ್ ಹಾಕಿದ ದಿನ ಹೊರಗಿನ ಮಿರರ್‌ಗಳನ್ನ ಒಂದು ಕೂದಲೆಳೆ ಒಳಕ್ಕೆ ತನ್ನಿ, ಆ ಮೂರು ಹೆಜ್ಜೆ ಮುಚ್ಚೋವಷ್ಟು ಮಾತ್ರ. ಆಗ ಭುಜದ ಪಕ್ಕ ಒಂದಿಷ್ಟು ಜಾಗ ಬಿಟ್ಟುಹೋಗುತ್ತೆ, ಅದನ್ನ ಕತ್ತು ತಿರುಗಿಸಿ ನೋಡಲೇಬೇಕು. ನೋಡೋವಾಗ ಎದೆಯನ್ನ ಸ್ಟೇರಿಂಗ್ ಕಡೆಗೆ ಒಂದು ಗೇಣು ಬಾಗಿಸಿ ತಿರುಗಿ. ಸೀಟಿಗೆ ಒರಗಿಕೊಂಡೇ ತಿರುಗಿದರೆ ಟಾಪಿನ ಬಟ್ಟೆ ಕಾಣುತ್ತೆ, ಮುಂದೆ ಬಾಗಿದರೆ ಪಕ್ಕದ ಕಿಟಕಿಯಲ್ಲೇ ಪಕ್ಕದ ಲೇನ್ ಕಾಣುತ್ತೆ.

ರಸ್ತೆ ಓರೆಯಾಗಿ ಸೇರೋ ಕಡೆ ಯಾವ ಮಿರರ್ ಸೆಟ್ಟಿಂಗೂ ನಂಬಬೇಡಿ. ನಿಲ್ಲಬೇಕಾದ ಜಾಗವಾದರೆ, ಕಾರನ್ನ ಆದಷ್ಟು ಮುಖ್ಯ ರಸ್ತೆಗೆ ಲಂಬ ಕೋನದಲ್ಲಿ ನಿಲ್ಲಿಸಿ, ಕಿಟಕಿಯಿಂದಲೇ ನೋಡಿ ಹೊರಡಿ.

ಮಂಕು ಕಿಟಕಿಗೆ ಮೊದಲು ಪ್ಲಾಸ್ಟಿಕ್ ಪಾಲಿಷ್ ಹಾಕಿ ನೋಡಿ. ಹಳದಿ ಒಳಗೇ ಇಳಿದಿದ್ದರೆ ಪಾಲಿಷ್‌ಗೆ ಹೋಗಲ್ಲ. ಟಾಪ್ ಬದಲಿಸೋ ಕಾಲ ಬಂದಾಗ 1998ರ ನಂತರದ ಎರಡನೇ ಪೀಳಿಗೆಯ ಮಿಯಾಟಾದ ಗಾಜಿನ ಕಿಟಕಿ ಇರೋ ಟಾಪ್ ಹಾಕಿಸಿ, ನಮ್ಮ ಗಾಡಿಗೂ ಕೂರುತ್ತೆ. ನಾನು ಹಾಕಿಸಿದ ಮೇಲೆ ರಾತ್ರಿ ಮಳೆಯಲ್ಲಿ ಓಡಿಸೋ ಭಯ ಹೋಯ್ತು.

ಜೋಲೋ ಗಾಜನ್ನ ಬೆರಳಲ್ಲಿ ಅಲ್ಲಾಡಿಸಿ. ಹೊರಗಿನ ಚಿಪ್ಪು ಗಟ್ಟಿ ಇದ್ದು ಗಾಜು ಮಾತ್ರ ಅಲ್ಲಾಡಿದರೆ ಒಳಗಿನ ಕೀಲು ಸವೆದಿದೆ. ಚಿಪ್ಪೇ ಅಲ್ಲಾಡಿದರೆ ಬಾಗಿಲಿಗೆ ಬಿಗಿದಿರೋ ಕಡೆ ಸಡಿಲ ಆಗಿದೆ, ಬಿಗಿ ಮಾಡಿದರೆ ಸಾಕು. ಇದು ಸರಿಯಾಗೋವರೆಗೆ ಎಷ್ಟು ಸೆಟ್ ಮಾಡಿದರೂ ನಿಲ್ಲಲ್ಲ. ಸೆನ್ಸರ್ ಬೇಡ ಅನ್ನಲ್ಲ, ಇಷ್ಟಾದ ಮೇಲೂ ಬೇಕೆನಿಸಿದರೆ ಹಾಕಿಸಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನಮ್ಮ ಕಾರಿನ ಎತ್ತರ ಸುಮಾರು 1.2 ಮೀಟರ್. ದೊಡ್ಡ ಎಸ್‌ಯುವಿ, ಟ್ರಕ್‌ನವರ ಬ್ಲೈಂಡ್ ಸ್ಪಾಟ್‌ನಲ್ಲಿ, ಅಂದರೆ ಅವರ ಮಿರರ್‌ಗೂ ಕಣ್ಣಿಗೂ ಸಿಗದ ಜಾಗದಲ್ಲಿ, ನಾವು ಪೂರ್ತಿ ಮುಳುಗಿಹೋಗ್ತೀವಿ. ಅವರ ಮಿರರ್‌ನಲ್ಲಿ ಡ್ರೈವರ್ ಮುಖ ನಿಮಗೆ ಕಾಣಲಿಲ್ಲ ಅಂದರೆ ಅವರಿಗೆ ನೀವಿಲ್ಲ. ಪಕ್ಕದಲ್ಲಿ ಜೊತೆಜೊತೆಗೆ ಹೋಗಬೇಡಿ, ದಾಟಿಬಿಡಿ ಇಲ್ಲಾ ಹಿಂದೆ ಉಳಿಯಿರಿ.

ಹಾಸನದ_ಹುಡುಗ

ಒಂದು ವಾರ ಆಯ್ತು, ವರದಿ ಕೊಡ್ತಿದ್ದೀನಿ. ಚಿಪ್ಪು ಗಟ್ಟಿ ಇತ್ತು, ಕೀಲೇ ಸವೆದಿತ್ತು. ಹಳೇ ಬಿಡಿಭಾಗದವರ ಹತ್ತಿರ ಇನ್ನೊಂದು ಎಡ ಮಿರರ್ ಸಿಕ್ಕಿತು, ಶನಿವಾರ ಹಾಕಿದೆ, ಈಗ ಹಂಪ್‌ಗೆ ಜಗ್ಗಲ್ಲ. ದುಂಡು ಮಿರರ್ ಕಿತ್ತೆ. ಕಿಟಕಿ ಪಾಲಿಷ್‌ಗೆ ಸ್ವಲ್ಪ ತಿಳಿಯಾಯ್ತು, ಮಳೆಗಾಲಕ್ಕೆ ಮೊದಲು ಗಾಜಿನ ಟಾಪ್ ಹಾಕಿಸ್ತೀನಿ.

ಮೊದಲೆರಡು ದಿನ ಮಿರರ್‌ನಲ್ಲಿ ನನ್ನ ಕಾರು ಕಾಣದೆ ದಿಕ್ಕು ತಪ್ಪಿದ ಹಾಗಾಗ್ತಿತ್ತು, ಮೂರನೇ ದಿನಕ್ಕೆ ಕಣ್ಣು ಒಗ್ಗಿತು. ನಿನ್ನೆ ಅದೇ 880ರಲ್ಲಿ, ಟಾಪ್ ಹಾಕಿಕೊಂಡು, ಒಂದು ಕೆಂಪು ಪಿಕಪ್ ದಾಟಿತು. ಒಳಗಿನ ಮಿರರ್, ಎಡ ಮಿರರ್, ಮುಂದೆ ಬಾಗಿ ಕತ್ತು ತಿರುಗಿಸಿದರೆ ಕಿಟಕಿ, ಎಲ್ಲೂ ಕೈತಪ್ಪಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಅದನ್ನ ನನಗಿಂತ ಮೊದಲೇ ಎಣಿಸುತ್ತಿದ್ದಳು: "ಒಂದು, ಎರಡು, ಬಂತು ನೋಡಿ."