ಉಳಿ ಮಸೆಯೋದಕ್ಕೆ ಬೇಗ ಮುಗಿಯೋ ದಾರಿ ಇದೆಯಾ?

ಹೊಸಗೈ:
1000 ಮತ್ತು 6000 ಗ್ರಿಟ್‌ನ ಸಾಣೆಕಲ್ಲು ಇವೆ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಉಳಿ ಕನ್ನಡಿ ಥರ ಹೊಳೆಯುತ್ತೆ, ಆದ್ರೂ ಮೆದು ಮರದ ಅಡ್ಡ ತುದಿಯನ್ನು (ನಾರನ್ನು ಅಡ್ಡ ಕೊಯ್ದ ಮುಖ) ಸವರಿದ್ರೆ ನಾರು ಕತ್ತರಿಸದೆ ಜಜ್ಜಿಹೋಗುತ್ತೆ. ಬೆಂಚ್ ಗ್ರೈಂಡರ್ ತಗೊಂಡುಬಿಡಲಾ? ನನಗೆ ಬೇಕಿರೋದು ಪೆಟ್ಟಿಗೆ ಮಾಡೋದು, ದಿನವಿಡೀ ಮಸೆಯೋದಲ್ಲ.

ಕೊಡತಿ:
ಹೊಳಪೇ ಹರಿತ ಅಲ್ಲ. 1000ವನ್ನು ಬೇಗ ಬಿಟ್ಟಿದ್ದೀರಿ ಅನ್ಸುತ್ತೆ. ಉಳಿಯ ಇಳಿಜಾರು ಮುಖ ಹೊಳೆದಿದೆ, ತುದಿಯನ್ನು ಕಲ್ಲು ಇನ್ನೂ ಮುಟ್ಟಿಲ್ಲ. ಇಳಿಜಾರಿಗೆ ಮಾರ್ಕರ್ ಬಳಿದು ನಾಲ್ಕೈದು ಸಲ ಉಜ್ಜಿ. ಬಾಯಿಯ ಅಂಚಲ್ಲಿ ಮಸಿ ಉಳಿದ್ರೆ ಹಿಡಿಯನ್ನು ಕೂದಲೆಳೆಯಷ್ಟು ಎತ್ತಿ. ಆಮೇಲೆ ಹಿಂಬದಿಯಲ್ಲಿ ಬೆರಳನ್ನು ಒಳಗಿನಿಂದ ಅಂಚಿನ ಹೊರಗೆ ಸವರಿ, ಅಂಚಿನುದ್ದಕ್ಕೆ ಬೇಡ. ಮಸೆದಾಗ ಹಿಂಬದಿಗೆ ಮಡಚಿಬರೋ ಲೋಹದ ಸಣ್ಣ ತರಿ ಈ ಕೊನೆಯಿಂದ ಆ ಕೊನೆವರೆಗೆ ಬೆರಳಿಗೆ ಸಿಗಬೇಕು. ಒಂದು ಮೂಲೆಯಲ್ಲಿ ಸಿಗದಿದ್ರೂ 6000 ಮುಟ್ಟಬೇಡಿ. ಅದು ಗೀರು ಅಳಿಸೋ ಕಲ್ಲು, ಲೋಹ ತೆಗೆಯೋದಲ್ಲ.

ಹಿಂಬದಿ ಸಪಾಟಾಗಿದೆಯಾ ಅಂತಲೂ ನೋಡಿ. ಬಾಯಿಯ ಹತ್ತಿರದ ಎರಡು ಮೂರು ಸೆಂ.ಮೀ. ಸಾಕು. ಬೇಸರದ ಕೆಲಸ, ಆದ್ರೆ ಉಳಿಗೆ ಒಂದೇ ಸಲ.

ಗರಗಸ:
ಬಾಯಿ ಮುಕ್ಕಾಗಿದ್ರೆ ಗ್ರೈಂಡರೇ ಸರಿ. ಆದ್ರೆ ಕಾರ್ಬನ್ ಸ್ಟೀಲ್ ಉಳಿಯ ತೆಳು ತುದಿ ಕ್ಷಣದಲ್ಲಿ ಕಾಯುತ್ತೆ. ನೀಲಿ ಬಣ್ಣ ಬಂತು ಅಂದ್ರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಹದ (ಉಕ್ಕಿನ ಗಡಸು) ಹೋಗಿದೆ. ಆಮೇಲೆ ನೀರಿಗೆ ಅದ್ದಿದ್ರೆ ಅದು ವಾಪಸ್ ಬರಲ್ಲ, ಅಷ್ಟು ಭಾಗ ತೆಗೆದೇ ಹಾಕಬೇಕು. ಉಳಿಸಿದ ಸಮಯ ಅಲ್ಲಿಗೆ ಹೋಯ್ತು. ಮತ್ತೆ ಕೊನೆಯ ಹರಿತ ಬರೋದು ಕಲ್ಲಿನ ಮೇಲೇ.

ಕೆಲಸ ಕಡಿಮೆ ಮಾಡೋ ದಾರಿ ಇದು: ಇಳಿಜಾರು 25 ಡಿಗ್ರಿ, ತುದಿಯಲ್ಲಿ ಮಾತ್ರ 30 ಡಿಗ್ರಿಯ ಕಿರಿದಾದ ಪಟ್ಟಿ. ಮುಂದೆ ಪ್ರತಿಸಲ ಆ ಪಟ್ಟಿಯನ್ನಷ್ಟೇ ಮಸೆದ್ರಾಯ್ತು. ಇನ್ನೊಂದು ಮಾತು. ಮಸೆಯೋದು ಬೇರೆ, ಪೆಟ್ಟಿಗೆ ಬೇರೆ ಅಂದ್ಕೊಂಡಷ್ಟು ದಿನ ಇದು ಶಿಕ್ಷೆ ಅನ್ಸುತ್ತೆ. ಪೆಟ್ಟಿಗೆಯ ಮೂಲೆ ಬಿಗಿಯಾಗಿ ಕೂರೋದು ಈ ಕಲ್ಲಿನ ಮೇಲೇ ತೀರ್ಮಾನ ಆಗಿರುತ್ತೆ.

ಹೊಸಗೈ:
ಮಾರ್ಕರ್ ಹಾಕಿ ನೋಡ್ದೆ. ಎಡಮೂಲೆಯಲ್ಲಿ ಮಸಿ ಹಾಗೇ ಇದೆ. ಕೈ ಓಲುತ್ತಿದೆಯಾ?

ಕೊಡತಿ:
ಕೈಗಿಂತ ಮೊದಲು ಕಲ್ಲು ನೋಡಿ, ಬಳಸಿದಂತೆ ನಡುವೆ ತಗ್ಗಾಗುತ್ತೆ. ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೆರೆ ಎಳೀರಿ. ದಪ್ಪ ಗಾಜಿನ ಮೇಲೆ 220 ಗ್ರಿಟ್‌ನ ವಾಟರ್‌ಪೇಪರ್ ಇಟ್ಟು, ನೀರು ಹಾಕಿ, ಗೆರೆಯೆಲ್ಲ ಅಳಿಯೋವರೆಗೆ ಉಜ್ಜಿ. ಆಮೇಲೂ ಮೂಲೆ ಉಳಿದ್ರೆ ಬೆರಳಿನ ಒತ್ತಡವನ್ನು ಎಡಕ್ಕೆ ಸ್ವಲ್ಪ ಸರಿಸಿ, 1000ದಲ್ಲೇ ಮುಂದುವರಿಸಿ.