ಅಪ್‌ಡೇಟ್: 6 ವೋಲ್ಟ್‌ನಿಂದ 12 ವೋಲ್ಟ್ ಸಿಡಿಐಗೆ ಬದಲಿಸಿದ ಸ್ಕೂಟರ್, ಬಲ್ಬ್ ಮತ್ತು ಎಂಜಿನ್ ಬಡಿತ ಎರಡೂ ಸರಿಯಾದವು

ಸಮಸ್ಯೆ ಎರಡಿತ್ತು: ಪಾಯಿಂಟ್ (ಕಿಡಿ ಹಾರಿಸುವ ಹಳೆಯ ಯಾಂತ್ರಿಕ ಸ್ವಿಚ್) ತೆಗೆದು ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿದ ಮೇಲೆ ರೇಸ್ ಕೊಟ್ಟರೆ ಹೆಡ್‌ಲೈಟ್ ಬಲ್ಬ್ ಸುಟ್ಟುಹೋಗುತ್ತಿತ್ತು, ಎಂಜಿನ್ ಬಿಸಿಯಾದರೆ ಬಡಿಯುತ್ತಿತ್ತು.

ಬಲ್ಬ್‌ಗೆ ಕಾರಣ ಅರ್ತಿಂಗ್. ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರನ್ನು ಹೊಸ ಪೇಂಟ್ ಮೇಲೆಯೇ ಬಿಗಿದದ್ದರಿಂದ ಅದು ಬಾಡಿಗೆ ತಾಗುತ್ತಲೇ ಇರಲಿಲ್ಲ. ಮೀಟರನ್ನು ಎಸಿಯಲ್ಲಿಟ್ಟು ಅಳೆದಾಗ 20 ವೋಲ್ಟ್ ದಾಟಿತು. ಡಿಸಿಯಲ್ಲಿಟ್ಟು ಅಳೆದರೆ ಏನೂ ತಿಳಿಯದು, ಸ್ಟೇಟರ್ (ಫ್ಲೈವೀಲ್ ಒಳಗೆ ಕರೆಂಟ್ ಉತ್ಪಾದಿಸುವ ಕಾಯಿಲ್‌ಗಳ ಪ್ಲೇಟ್) ಕೊಡುವುದೇ ಎಸಿ. ಬೋಲ್ಟ್ ಜಾಗದ ಪೇಂಟ್ ಕೆರೆದು, ರೆಗ್ಯುಲೇಟರ್‌ನಿಂದ ಎಂಜಿನ್ ಕೇಸ್‌ಗೆ ಪ್ರತ್ಯೇಕ ಅರ್ತ್ ವೈರ್ ಎಳೆದೆ. ಈಗ ಎಷ್ಟು ರೇಸ್ ಕೊಟ್ಟರೂ 13ರ ಆಸುಪಾಸು. ಹಿಂದಿನ ದೀಪ, ಮೀಟರ್ ದೀಪ ಎಲ್ಲವೂ 12 ವೋಲ್ಟ್‌ನವೇ ಆಗಿರಬೇಕು, ಒಂದು 6 ವೋಲ್ಟ್ ಬಲ್ಬ್ ಉಳಿದರೂ ಹೋಯಿತು. ಡಿಸಿ ಹಾರ್ನ್‌ಗೆ ನಡುವೆ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್ ಬೇಕು.

ಬಡಿತಕ್ಕೆ ಕಾರಣ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಸ್ಟೇಟರ್ ಪ್ಲೇಟಿನ ಹಳೆಯ ಗುರುತು ಪಾಯಿಂಟ್ ಕಾಲದ್ದು, ಅದನ್ನು ನಂಬಿದ್ದೇ ತಪ್ಪು. ಪ್ಲಗ್ ರಂಧ್ರಕ್ಕೆ ಪಿಸ್ಟನನ್ನು ತಡೆದು ನಿಲ್ಲಿಸುವ ಪಿಸ್ಟನ್ ಸ್ಟಾಪ್ ಹಾಕಿ ಫ್ಲೈವೀಲನ್ನು ಎರಡೂ ಕಡೆ ತಿರುಗಿಸಿ, ನಿಂತಲ್ಲೆಲ್ಲ ಗೆರೆ ಎಳೆದು, ಅವುಗಳ ಮಧ್ಯ ಬಿಂದುವಿನಿಂದ ಟಿಡಿಸಿ (ಪಿಸ್ಟನ್ ತಲುಪುವ ಅತಿ ಮೇಲಿನ ಬಿಂದು) ಗುರುತಿಸಿದೆ. ಸ್ಟ್ರೋಬ್ (ಕಿಡಿಯೊಂದಿಗೆ ಮಿನುಗುವ ಟೈಮಿಂಗ್ ಲೈಟ್) ಹಿಡಿದಾಗ ಟಿಡಿಸಿಗೆ 24 ಡಿಗ್ರಿ ಮೊದಲೇ ಕಿಡಿ ಹಾರುವುದು ಕಂಡಿತು. ಈ ಎಂಜಿನ್‌ಗೆ ಬೇಕಾದದ್ದು 18. ಪ್ಲೇಟನ್ನು ಫ್ಲೈವೀಲ್ ತಿರುಗುವ ದಿಕ್ಕಿಗೇ ಸರಿಸಿದರೆ ಕಿಡಿ ತಡವಾಗುತ್ತದೆ. ಇದನ್ನು ಉಲ್ಟಾ ಮಾಡಿದರೆ ಪಿಸ್ಟನ್‌ಗೇ ಪೆಟ್ಟು.

ಪ್ಲಗ್ ಗ್ಯಾಪ್ 0.6 ಮಿ.ಮೀ. ಇದೆ. ಕಿಲ್ ವೈರ್ (ಎಂಜಿನ್ ಆಫ್ ಮಾಡುವ ವೈರ್) ಹ್ಯಾಂಡಲ್ ಒಳಗೆ ಉಜ್ಜುವ ಜಾಗಕ್ಕೆ ಸ್ಲೀವ್ ಹಾಕುವುದೊಂದು ಬಾಕಿ.